ಸೈಬೀರಿಯಾದ ಬಳೆ, ನಾಯಿಮರಿಯ ಸೊಟ್ಟಗಾಲು

ಆರು ತಿಂಗಳ ನಾಯಿಮರಿ. ಮುಂಗಾಲಿನ ಸುತ್ತ ಮೂರು ಲೋಹದ ಬಳೆ, ಬಳೆಗಳ ನಡುವೆ ಸರಳು, ಸರಳಿಗೆ ನಟ್ಟು. ಚರ್ಮ, ಮೂಳೆ ಎರಡನ್ನೂ ತೂರಿಕೊಂಡು ಹೋದ ತೆಳು ತಂತಿಗಳನ್ನು ವೀಣೆಗೆ ಬಿಗಿದಂತೆ ಬಳೆಗೆ ಬಿಗಿದಿರುತ್ತಾರೆ. ನೋಡಿದವರ ಹೊಟ್ಟೆ ತೊಳಸುತ್ತದೆ. ಮರಿ ಮಾತ್ರ ಅದೇ ಕಾಲೂರಿಕೊಂಡು ಬಟ್ಟಲು ಹುಡುಕುತ್ತ ಹೊರಡುತ್ತದೆ.

ಈ ಬಳೆಯ ತವರು ಪಶ್ಚಿಮ ಸೈಬೀರಿಯಾದ ಕುರ್ಗಾನ್. ಎರಡನೇ ಮಹಾಯುದ್ಧದ ಕೊನೆಗಾಲದಲ್ಲಿ ಗವ್ರೀಲ್ ಇಲಿಝರೋವ್ ಎಂಬ ಹೊಸ ವೈದ್ಯ ಆ ಸೀಮೆಯ ದೊಲ್ಗೊವ್ಕಾ ಹಳ್ಳಿಗೆ ಬಂದರು. ಮುರಿದ ಕಾಲು ಕೂಡದೆ ತಿಂಗಳುಗಟ್ಟಲೆ ಹಾಸಿಗೆ ಹಿಡಿದವರನ್ನು ಕಂಡು 1951ರ ಹೊತ್ತಿಗೆ ಬಳೆಯ ಸಾಧನ ಮಾಡಿದರು. ಮೊದಮೊದಲು ಸೈಕಲ್ ಚಕ್ರದ ಕಡ್ಡಿಗಳನ್ನೇ ತೂರಿಸಿದ್ದರಂತೆ. ಮುರಿದ ತುದಿಗಳನ್ನು ಒಂದಕ್ಕೊಂದು ಒತ್ತಿಡುವುದಷ್ಟೇ ಆಗಿನ ಉದ್ದೇಶ. ಒಬ್ಬ ರೋಗಿ ನಟ್ಟನ್ನು ಉಲ್ಟಾ ತಿರುಗಿಸಿಕೊಂಡ, ತುದಿಗಳು ದೂರವಾದವು, ನಡುವಿನ ಸಂದಿನಲ್ಲಿ ಹೊಸ ಮೂಳೆ ಚಿಗುರಿತ್ತು ಎಂಬ ಕಥೆಯೂ ಇದೆ.

ಕಥೆ ನಿಜವೋ ಅಲ್ಲವೋ, ತುದಿಗಳನ್ನು ಎಳೆದು ಮೂಳೆ ಬೆಳೆಸುವ ಲೆಕ್ಕ ಹುಟ್ಟಿದ್ದು ಕುರ್ಗಾನ್‌ನ ಪ್ರಯೋಗಶಾಲೆಯ ನಾಯಿಗಳ ಕಾಲಿನಲ್ಲಿ. ದಿನಕ್ಕೆ ಅರ್ಧ ಮಿಲಿಮೀಟರ್ ಎಳೆದರೆ ಬೇಕಾದಷ್ಟು ಉದ್ದವಾಗುವ ಮೊದಲೇ ಮೂಳೆ ಕೂಡಿ ಗಟ್ಟಿಯಾಗುತ್ತಿತ್ತು. ಎರಡು ಮಿಲಿಮೀಟರ್ ಎಳೆದರೆ ಸುತ್ತಲಿನ ಅಂಗಾಂಶಕ್ಕೆ ತಾಳಿಕೆಯಿಲ್ಲ. ಒಂದು ಮಿಲಿಮೀಟರ್ ಹದ. ಅದನ್ನೂ ಒಂದೇ ಸಲ ಎಳೆಯದೆ ಕಾಲುಕಾಲಾಗಿ ನಾಲ್ಕು ಸಲ ಎಳೆದರೆ ಇನ್ನೂ ವಾಸಿ. ಮನುಷ್ಯನ ಕಾಲಿನ ಶಾಸ್ತ್ರಕ್ಕೆ ನಾಯಿ ಕಟ್ಟಿದ ಶುಲ್ಕ ಇದು.

1968ರಲ್ಲಿ ಒಲಿಂಪಿಕ್ ಎತ್ತರ ಜಿಗಿತಗಾರ ವಲೇರಿ ಬ್ರುಮೆಲ್ ಕಾಲು ರಿಪೇರಿಗೆ ಕುರ್ಗಾನ್‌ಗೆ ಬಂದ ಮೇಲೆ ಸೋವಿಯತ್ ನಾಡಿಗೆಲ್ಲ ಹೆಸರು ಹರಡಿತು. 1980ರಲ್ಲಿ ಇಟಲಿಯ ಪರ್ವತಾರೋಹಿ ಕಾರ್ಲೋ ಮೌರಿ ಅಲ್ಲೇ ವಾಸಿಯಾಗಿ ಊರಿಗೆ ಮರಳಿದರು. ಮರುವರ್ಷ ಇಲಿಝರೋವ್ ಇಟಲಿಯಲ್ಲಿ ಭಾಷಣ ಮಾಡಿದರು. ಅಲ್ಲಿನ ಪಶುವೈದ್ಯರು ಬಳೆಯನ್ನು ಮತ್ತೆ ನಾಯಿಗೆ ತೊಡಿಸಿದರು, ಈ ಸಲ ನಾಯಿಯ ಸಲುವಾಗಿಯೇ.

ನಾಯಿಯ ಮುಂಗಾಲಿನಲ್ಲಿ ರೇಡಿಯಸ್, ಅಲ್ನಾ ಎಂಬ ಎರಡು ಮೂಳೆ ಜೋಡೆತ್ತಿನಂತೆ ಸರಿಸಮ ಬೆಳೆಯಬೇಕು. ಅಲ್ನಾದ ಕೆಳತುದಿಯ ಬೆಳವಣಿಗೆಯ ಪದರ ಶಂಕುವಿನಾಕಾರದ್ದು. ಅದು ಜಜ್ಜಿದರೆ ಅಲ್ನಾದ ಬೆಳವಣಿಗೆ ಅಲ್ಲೇ ನಿಲ್ಲುತ್ತದೆ. ಬೆಳೆಯುತ್ತಲೇ ಇರುವ ರೇಡಿಯಸ್ ಬಿಲ್ಲಿನಂತೆ ಬಾಗಿ, ಪಾದ ಹೊರಕ್ಕೆ ತಿರುಗುತ್ತದೆ. ಪೆಟ್ಟಿನಿಂದ ಬರುವುದೇ ಹೆಚ್ಚು. ಹುಟ್ಟಿನಿಂದ ಬರುವುದೂ ಉಂಟು. (ಡ್ಯಾಶ್‌ಹುಂಡ್‌ನ ಗಿಡ್ಡಗಾಲಂತೂ ನಾವೇ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ವಂಶವಾಹಿ ದೋಷ.)

ಮರಿ ಇನ್ನೂ ಬೆಳೆಯುತ್ತಿದ್ದರೆ ಬಳೆಯೇ ಬೇಕಾಗದಿರಬಹುದು. ಅಲ್ನಾದ ಒಂದು ತುಂಡು ಕತ್ತರಿಸಿ ತೆಗೆದು, ಮತ್ತೆ ಕೂಡದಿರಲೆಂದು ಆ ಸಂದಿಗೆ ಅದೇ ಮರಿಯ ಕೊಬ್ಬನ್ನು ತುರುಕುತ್ತಾರೆ. ಬಿಗಿ ಸಡಿಲಾದ ರೇಡಿಯಸ್ ಎಷ್ಟೋ ಸಲ ತಾನೇ ನೆಟ್ಟಗಾಗುತ್ತದೆ. ಬೆಳವಣಿಗೆ ಮುಗಿದಿದ್ದರೆ ಮೂಳೆ ಕತ್ತರಿಸಿ ಪ್ಲೇಟ್ ಹಾಕಬೇಕು, ಇಲ್ಲವೇ ದಿನಾ ನಟ್ಟು ತಿರುಗಿಸುವ ಬಳೆ ತೊಡಿಸಬೇಕು.

ಆದ್ದರಿಂದ, ಮರಿಯ ಪಾದ ಓರೆಯಾಗುತ್ತಿದೆ ಎನಿಸಿದರೆ ಕ್ಯಾಲ್ಸಿಯಂ ಸಿರಪ್ ಕುಡಿಸುತ್ತ ಕಾಯಬೇಡಿ. ದೊಡ್ಡ ತಳಿಯ ಮರಿಗೆ ಅದು ಹೆಚ್ಚಾದರೆ ಮೂಳೆಯೇ ಕೆಡುತ್ತದೆ. ಆ ವಾರವೇ ಎರಡೂ ಮುಂಗಾಲಿನ ಎಕ್ಸ್‌ರೇ ತೆಗೆಸಿ.