ಹೊಸ್ತಿಲ ಮೇಲೆ ನಿಂತ ಬಿಟ್

ಸಾಹಿತ್ಯದ ಬಳಗದಲ್ಲಿ ಫ್ಲಿಪ್-ಫ್ಲಾಪಿನ ಮಾತೇಕೆ ಎಂದು ಹುಬ್ಬೇರಿಸಬೇಡಿ. ನರಸಿಂಹಾವತಾರ ಗೊತ್ತಿದ್ದವರಿಗೆ ಇದರ ಅರ್ಧ ಕಥೆ ಆಗಲೇ ಗೊತ್ತು.

ಮೊದಲು ಒಂದು ಲೆಕ್ಕ. 999ಕ್ಕೆ 1 ಕೂಡಿಸಿ. ದಶಕ ಬಲದಿಂದ ಎಡಕ್ಕೆ ಒಂದೊಂದೇ ಸ್ಥಾನ ದಾಟುತ್ತದೆ. ನಡುವೆ ಯಾರಾದರೂ ಇಣುಕಿದರೆ ಕಾಣುವುದು 990, ಆಮೇಲೆ 900. ಎರಡೂ ಸುಳ್ಳು. ಚಿಪ್ಪಿನೊಳಗೂ ಹೀಗೇ, ಉತ್ತರ ನೆಲೆಗೊಳ್ಳುವವರೆಗೆ ಅದನ್ನು ನಂಬುವಂತಿಲ್ಲ. ಅದಕ್ಕೇ ಅಲ್ಲೊಂದು ಗಡಿಯಾರ. 3 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 300 ಕೋಟಿ ಸಲ ಗಂಟೆ ಹೊಡೆಯುತ್ತದೆ. ಗಂಟೆ ಹೊಡೆದ ಕ್ಷಣ ಎದುರಿಗಿರುವುದು 0 ಅಥವಾ 1 ಎಂದು ನೋಡಿ, ಮುಂದಿನ ಗಂಟೆಯವರೆಗೆ ಅದನ್ನೇ ಹಿಡಿದುಕೊಳ್ಳುವುದು ಫ್ಲಿಪ್-ಫ್ಲಾಪಿನ ಕೆಲಸ.

ನೆನಪಿನ ಗುಟ್ಟು ಸರಳ: ಎರಡು ಗೇಟುಗಳು ಪರಸ್ಪರ ಉಣಿಸುತ್ತ ಒಂದೇ ಸ್ಥಿತಿಯನ್ನು ಕಾಯ್ದುಕೊಳ್ಳುತ್ತವೆ. ಇಂಗ್ಲೆಂಡಿನ ಎಕಲ್ಸ್ ಮತ್ತು ಜೋರ್ಡಾನ್ 1918ರಲ್ಲೇ ಎರಡು ವ್ಯಾಕ್ಯೂಮ್ ಟ್ಯೂಬುಗಳ ಇಂಥ ಜೋಡಿಗೆ ಪೇಟೆಂಟ್ ಅರ್ಜಿ ಹಾಕಿದ್ದರು. ಇದಕ್ಕೊಂದು ಬಾಗಿಲು ಇಟ್ಟರೆ ಲ್ಯಾಚ್. ಬಾಗಿಲು ತೆರೆದಿರುವಷ್ಟು ಹೊತ್ತೂ ಬಂದದ್ದೆಲ್ಲ ಒಳನುಗ್ಗಿ ಆಚೆ ಹೋಗಿಬಿಡುತ್ತದೆ, ಅದೇ ತೊಂದರೆ. ಹಾಗಾಗಿ ಎರಡು ಲ್ಯಾಚುಗಳನ್ನು ಒಂದರ ಹಿಂದೆ ಒಂದು ಇಡುತ್ತಾರೆ. ಒಂದು ತೆರೆದಾಗ ಇನ್ನೊಂದು ಮುಚ್ಚಿರುತ್ತದೆ.

ಷರತ್ತೊಂದಿದೆ. ಹಾಜರಿ ಕೂಗುವ ಮುಂಚೆಯೇ ಹುಡುಗ ಬೆಂಚಿನಲ್ಲಿರಬೇಕು, ಕೂಗಿದ ಕೂಡಲೇ ಎದ್ದು ಓಡಲೂ ಬಾರದು. ಮೊದಲನೆಯದು ಸೆಟಪ್ ಸಮಯ, ಎರಡನೆಯದು ಹೋಲ್ಡ್ ಸಮಯ. ಚಿಪ್ಪಿನೊಳಗಿನ ಹುಡುಗರಿಗೆ ಶಿಸ್ತು ಕಲಿಸಬಹುದು. ಆದರೆ ನಾವು ಒತ್ತುವ ಗುಂಡಿಗೆ, ಬೇರೆ ಗಡಿಯಾರದ ಚಿಪ್ಪಿನಿಂದ ಬರುವ ಸಂಕೇತಕ್ಕೆ ಈ ಗಂಟೆಯ ಹಂಗಿಲ್ಲ.

ಹಿರಣ್ಯಕಶಿಪು ಪಕ್ಕಾ ಡಿಜಿಟಲ್ ಅಸುರ. ಒಳಗೂ ಬೇಡ ಹೊರಗೂ ಬೇಡ, ಹಗಲೂ ಬೇಡ ರಾತ್ರಿಯೂ ಬೇಡ ಎಂದು ವರ ಕೇಳಿದ. ಹೊಸ್ತಿಲನ್ನೂ ಮುಸ್ಸಂಜೆಯನ್ನೂ ಮರೆತ. ಸಂಕೇತ ಸರಿಯಾಗಿ ಗಂಟೆಯ ಕ್ಷಣದಲ್ಲೇ ಬದಲಾದರೆ ಫ್ಲಿಪ್-ಫ್ಲಾಪ್ ಕೂಡ ಹೊಸ್ತಿಲ ಮೇಲೆ ಸಿಕ್ಕಿಕೊಳ್ಳುತ್ತದೆ: 0 ಅಲ್ಲ, 1 ಅಲ್ಲ. ಇದಕ್ಕೆ ಮೆಟಾಸ್ಟೆಬಿಲಿಟಿ ಎನ್ನುತ್ತಾರೆ. ಚೇನಿ ಮತ್ತು ಮೋಲ್ನಾರ್ 1973ರ ತಮ್ಮ ಪ್ರಬಂಧದಲ್ಲಿ ಈ ಡೋಲಾಯಮಾನ ಸ್ಥಿತಿಯನ್ನು ಪ್ರಯೋಗದಿಂದಲೇ ತೋರಿಸಿದರು. ದಿನವಿಡೀ 'ಹೌದು-ಇಲ್ಲ' ಎಂದು ಕೋಡ್ ಬರೆಯುವ ನನ್ನಂಥವನಿಗೆ ಇದು ಕಾಲಡಿಯ ನೆಲ ಅಲ್ಲಾಡಿದ ಹಾಗೆ.

ಪರಿಹಾರ? ಇನ್ನೊಂದು ಫ್ಲಿಪ್-ಫ್ಲಾಪ್. ಮೊದಲನೆಯದು ತಡವರಿಸಿದರೂ ನಿರ್ಧಾರಕ್ಕೆ ಬರಲು ಒಂದು ಸುತ್ತಿನ ಸಮಯ ಸಿಗುತ್ತದೆ. ಕಾದಷ್ಟೂ ಅಪಾಯ ಬಲು ಬೇಗ ಕುಗ್ಗುತ್ತದೆ, ಆದರೆ ಸೊನ್ನೆಯಾಗುವುದಿಲ್ಲ. ಸಾವಿರಾರು ವರ್ಷಕ್ಕೊಮ್ಮೆ ತಪ್ಪಬಹುದು ಎಂಬಲ್ಲಿಗೆ ತಂದು, ಎಂಜಿನಿಯರು ಮನೆಗೆ ಹೋಗುತ್ತಾನೆ.

ಒಂದು ತಪ್ಪನ್ನು ಮಾತ್ರ ಮಾಡಬಾರದು: ತಡವರಿಸುತ್ತಿರುವ ಆ ಮೊದಲನೆಯದರ ಉತ್ತರವನ್ನು ಇಬ್ಬರಿಗೆ ಹಂಚುವುದು. ಒಬ್ಬ ಅದನ್ನು 1 ಎಂದು ಓದಿಕೊಳ್ಳಬಹುದು, ಇನ್ನೊಬ್ಬ 0 ಎಂದು. ಆಮೇಲೆ ಇಬ್ಬರೂ ತಮ್ಮ ತಮ್ಮ ಲೆಕ್ಕವನ್ನು ಒಂದಿಷ್ಟೂ ತಪ್ಪಿಲ್ಲದೆ ಮಾಡುತ್ತ ಹೋಗುತ್ತಾರೆ.