ನಿಮಗಿದು ಗೊತ್ತೆ? ಮೊಬೈಲ್ ಶ್ರುತಿ ಹಿಡಿಯುವ ಬಗೆ

● ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಭಜನೆಗಳಲ್ಲಿ ಗಂಡಸರು ಹಲವೊಮ್ಮೆ ಷಡ್ಜವಾಗಿ ಹಿಡಿಯುವ ಪೇಟಿಯ (ಹಾರ್ಮೋನಿಯಂ) ‘ಕರಿ ಒಂದು’ ಸೆಕೆಂಡಿಗೆ ಸುಮಾರು 138.6 ಕಂಪನಗಳ ಸ್ವರ.

● ಮೊಬೈಲ್ ಸಾಮಾನ್ಯವಾಗಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳ ಸಾಲು ಮಾಡುತ್ತದೆ. ಪ್ರೋಗ್ರಾಂ ಆ ಸಾಲಿನ ನಕಲನ್ನು ಒಂದೊಂದೇ ಅಂಕಿ ಸರಿಸುತ್ತ ಮೂಲಕ್ಕೆ ಹೋಲಿಸುತ್ತದೆ. 318 ಅಂಕಿ ಸರಿಸಿದಾಗ ಎರಡೂ ಕೂಡಿಬಂದವೇ? 44,100ನ್ನು 318ರಿಂದ ಭಾಗಿಸಿ, ಕರಿ ಒಂದು ಸಿಕ್ಕಿತು! ಈ ವಿಧಾನದ ಹೆಸರು ಆಟೋಕೋರಿಲೇಶನ್.

● 636 ಅಂಕಿ ಸರಿಸಿದರೂ ಅಲೆ ಕೂಡಿಬರುತ್ತದೆ. ಆಗ ಪ್ರೋಗ್ರಾಂ ಎಡವಿ ಒಂದು ಸಪ್ತಕ ಕೆಳಗಿನ ಸ್ವರ ತೋರಿಸಬಹುದು. ಇಂಥ ತಪ್ಪನ್ನು ಬಹಳಷ್ಟು ತಗ್ಗಿಸುವ ‘ಯಿನ್’ ವಿಧಾನವನ್ನು ಅಲೆನ್ ದ ಶೆವೆನ್ಯೆ ಮತ್ತು ಹಿದೆಕಿ ಕವಾಹಾರಾ 2002ರಲ್ಲಿ ಪ್ರಕಟಿಸಿದರು.

● ಅತಿ ಜೋರಾದ ಕಂಪನವೇ ಶ್ರುತಿ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಮಿರಜಿನ ಕುಶಲಕರ್ಮಿಗಳು ತಂಬೂರಿಯ ಕುದುರೆಗೆ (ತಂತಿ ಹಾಯುವ ಪಟ್ಟಿಗೆ) ಕೊಡುವ ‘ಜವಾರಿ’ ಎಂಬ ನವಿರಾದ ಬಾಗಿನಿಂದ ಮೇಲಿನ ಉಪಸ್ವರಗಳು ಮೂಲಸ್ವರಕ್ಕಿಂತ ಜೋರಾಗಿ ಮೊಳಗಬಲ್ಲವು. ಆದರೂ ನಮ್ಮ ಕಿವಿ ಮೂಲಸ್ವರವನ್ನೇ ಗುರುತಿಸುತ್ತದೆ.

● ಕಂಪ್ಯೂಟರ್ ಬರುವ ಮುಂಚೆಯೇ ಶ್ರುತಿಯ ಅಳತೆ ನಡೆದಿತ್ತು. ನಿವೃತ್ತ ಡೆಪ್ಯುಟಿ ಕಲೆಕ್ಟರ್ ಕೃಷ್ಣಾಜಿ ಬಲ್ಲಾಳ ದೇವಲ್ ಸಪ್ತಕದೊಳಗಿನ 22 ಶ್ರುತಿಗಳ (ಸೂಕ್ಷ್ಮ ಸ್ವರಸ್ಥಾನಗಳ) ಕುರಿತ ತಮ್ಮ ಪುಸ್ತಕವನ್ನು 1910ರಲ್ಲಿ ಹೊರತಂದರು. ಅವರ ಪ್ರಯೋಗಗಳಿಗೆ ಕಂಠ ಕೊಟ್ಟವರು ಉಸ್ತಾದ್ ಅಬ್ದುಲ್ ಕರೀಂ ಖಾನ್. ಕುಂದಗೋಳದ ಸವಾಯಿ ಗಂಧರ್ವರ ಗುರು ಅವರೇ.