ಪೂಜೆಯ ವಿಡಿಯೋಗೆ ಮೂವತ್ತೇ ದಿನ ಆಯಸ್ಸು!

ರಾಮಮೂರ್ತಿ ನಗರ: ಭಾನುವಾರ ಬೆಳಿಗ್ಗೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಇಳಿದು ಈ ಕಡೆ ನಡೆದು ಬಂದರೆ ಸಾಕು, ಒಂದು ಬೀದಿಯಲ್ಲಿ ತಮಿಳು ಕೀರ್ತನೆ, ಮುಂದಿನದರಲ್ಲಿ ಮಲಯಾಳಂ ಪ್ರಾರ್ಥನೆ, ತಿರುವಿನಲ್ಲಿ ಕನ್ನಡ ಹಾಡು ಕೇಳುತ್ತದೆ. 1948ರಲ್ಲಿ ದೂರವಾಣಿ ನಗರದಲ್ಲಿ ಐ.ಟಿ.ಐ. ಕಾರ್ಖಾನೆ ಶುರುವಾದ ಮೇಲೆ ನಾನಾ ಕಡೆಯ ಜನ ಸುತ್ತಮುತ್ತ ಬಂದು ನೆಲೆಸಿದರು. ಅವರ ಜೊತೆ ಅವರ ದೇವರ ಹಾಡೂ ಬಂತು.

ಈಗ ಈ ಹಾಡು ಮೊಬೈಲಿನಲ್ಲೂ ಕೇಳುತ್ತದೆ. ಆದರೆ ಎಷ್ಟು ದಿನ? ಪ್ರಶ್ನೆ ಅದೇ.

ಬಾಗಿಲು ಮುಚ್ಚಿದ ಈಸ್ಟರ್

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತು. ಏಪ್ರಿಲ್ 12ರ ಈಸ್ಟರ್ ದಿನ ಬೆಂಚುಗಳೆಲ್ಲ ಖಾಲಿ. ಪಾದ್ರಿಗಳು ಸ್ಟ್ಯಾಂಡಿಗೆ ಕಟ್ಟಿದ ಮೊಬೈಲಿನ ಎದುರು ನಿಂತು ಪೂಜೆ ಮಾಡಿದರು, ಜನ ಮನೆಯಲ್ಲೇ ಕೈ ಮುಗಿದರು. ಮದುವೆಗೆ ಐವತ್ತು ಜನ, ಅಂತ್ಯಕ್ರಿಯೆಗೆ ಇಪ್ಪತ್ತೇ ಜನ ಎಂಬ ಕಟ್ಟುಪಾಡು. ವಿಮಾನವಿಲ್ಲದೆ ದುಬೈ, ಕುವೈತ್‌ಗಳಲ್ಲಿ ಸಿಕ್ಕಿಕೊಂಡ ಮಕ್ಕಳು ತಾಯಿಯ ಮುಖವನ್ನು ಕಡೇ ಸಲ ನೋಡಿದ್ದು ಆ ಪುಟ್ಟ ಪರದೆಯಲ್ಲೇ. ಅಂಥ ಮನೆಗಳಿಗೆ ಆ ವಿಡಿಯೋ ಅಂದ್ರೆ ಬರೀ ವಿಡಿಯೋ ಅಲ್ಲ.

ಅಲ್ಲೇ ಇರುತ್ತೆ ಬಿಡಿ!

ಹೀಗಂದುಕೊಂಡವರೇ ಮೋಸ ಹೋಗುವುದು. 2025ರ ಫೆಬ್ರವರಿ 19ರಿಂದ ಫೇಸ್‌ಬುಕ್ ಲೈವ್ ವಿಡಿಯೋಗಳನ್ನು ಮೂವತ್ತು ದಿನ ಮಾತ್ರ ಇಟ್ಟುಕೊಳ್ಳುತ್ತದೆ. ಹಳೆಯವನ್ನೂ ಹಂತ ಹಂತವಾಗಿ ತೆಗೆಯುವುದಾಗಿ ಹೇಳಿ, ಇಳಿಸಿಕೊಳ್ಳಲು ತೊಂಬತ್ತು ದಿನ ಗಡುವು ಕೊಟ್ಟಿತು. ನೋಟಿಸು ನೋಡಿದವರು ಉಳಿಸಿಕೊಂಡರು. ನೋಡದವರು ಏನು ಮಾಡಬೇಕು?

ಇದೇನು ಹೊಸದಲ್ಲ. 2014ರಲ್ಲಿ ಆರ್ಕುಟ್ ಮುಚ್ಚಿತು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಯೂಟ್ಯೂಬಿನಲ್ಲಿ ಮೂವತ್ತು ದಿನದ ಲೆಕ್ಕವಿಲ್ಲ, ನಿಜ. ಆದರೆ ಖಾತೆ ತೆರೆದ ಹುಡುಗ ಕೆನಡಾಕ್ಕೆ ಹೋಗಿ ಪಾಸ್‌ವರ್ಡೂ ಅವನ ಜೊತೆಗೇ ಹೋದರೆ ಬೀಗ ತೆಗೆಯುವವರ್ಯಾರು? ಬಾಡಿಗೆ ಅಂಗಡಿಯಲ್ಲಿಟ್ಟ ಸರಕಿನಂತೆ, ಮಾಲೀಕ ಷಟರ್ ಎಳೆದರೆ ಮುಗೀತು.

ಕಾಗದವೇ ವಾಸಿ

ಜ್ಞಾನಸ್ನಾನ, ಮದುವೆಯ ರಿಜಿಸ್ಟರುಗಳನ್ನು ಚರ್ಚುಗಳು ಕಬ್ಬಿಣದ ಬೀರುವಿನಲ್ಲಿ ಜೋಪಾನವಾಗಿಡುತ್ತವೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ತಂದ ಬಾಸೆಲ್ ಮಿಷನ್ನಿನ ಹಳೇ ಕಡತಗಳು ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನಲ್ಲಿ ಇವತ್ತಿಗೂ ಇವೆ. ನೂರು ವರ್ಷದ ಹಿಂದಿನ ಕಾಗದ ಸಿಗುತ್ತದೆ, ಐದು ವರ್ಷದ ಹಿಂದಿನ ವಿಡಿಯೋ ಸಿಗುವುದಿಲ್ಲ!

ಖರ್ಚಿನ ಲೆಕ್ಕ

ಒಂದು ಗಂಟೆಯ ಒಳ್ಳೇ ವಿಡಿಯೋಗೆ ಸುಮಾರು 2 ಜಿ.ಬಿ. ಜಾಗ ಬೇಕು. ವಾರಕ್ಕೆ ಒಂದೂವರೆ ಗಂಟೆಯ ಪೂಜೆಯೆಂದರೆ ವರ್ಷಕ್ಕೆ 156 ಜಿ.ಬಿ. ಗೂಗಲ್ ಬಿಟ್ಟಿ ಕೊಡುವ 15 ಜಿ.ಬಿ. ಐದೇ ಭಾನುವಾರಕ್ಕೆ ಭರ್ತಿ. 1 ಟಿ.ಬಿ. ಹಾರ್ಡ್ ಡಿಸ್ಕಿನಲ್ಲಾದರೆ ಆರು ವರ್ಷದ್ದು ಹಿಡಿಯುತ್ತದೆ. ಆದರೆ ಡಿಸ್ಕೂ ಚಿರಂಜೀವಿಯಲ್ಲ, ಒಂದನ್ನೇ ನಂಬಿ ಕೂರುವಂತಿಲ್ಲ. ಬಲ್ಲವರ ಸೂತ್ರ ಸರಳ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ನಾಲ್ಕೈದು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ವರ್ಗಾವಣೆ. ಪಾಸ್‌ವರ್ಡ್ ಕನಿಷ್ಠ ಇಬ್ಬರಲ್ಲಿ.

ಇನ್ನೊಂದು ಮಾತು. ಫೈಲಿನ ಮೇಲೆ ತಾರೀಖು, ಯಾವ ಪೂಜೆ, ಯಾರ ಪ್ರಸಂಗ ಅಂತ ಬರೆಯದಿದ್ದರೆ ಉಳಿಸಿಯೂ ಹುಡುಕಲಾಗದು. ಸಾವಿನ ಮನೆಯ ವಿಡಿಯೋಗಳನ್ನು ಊರಿಗೆಲ್ಲ ತೋರಿಸದೆ, ಮನೆಯವರ ಒಪ್ಪಿಗೆ ಕೇಳಿ ಬೇರೆಯಾಗಿಡುವುದು ಮರ್ಯಾದೆ.

ಗಂಟೆ ಹೊಡೆಯಲು ಒಬ್ಬರು, ಹೂವು ಜೋಡಿಸಲು ಒಬ್ಬರು ಪ್ರತಿ ಚರ್ಚಿನಲ್ಲೂ ಇದ್ದಾರೆ. ವಿಡಿಯೋ ಕಾಯಲು ಒಬ್ಬರನ್ನು ನೇಮಿಸುವುದೇನು ದೊಡ್ಡ ವಿಷಯವೇ? ಸಂಬಂಧಪಟ್ಟವರು ಈ ಭಾನುವಾರವೇ ಯೋಚಿಸಲಿ. ಮೂವತ್ತು ದಿನ ಬಹಳ ಬೇಗ ಕಳೆಯುತ್ತವೆ.